ಗೋದಲಿಯಲ್ಲಿ ಬಿದ್ದ ಹುಲ್ಲಿನ ಉಂಡೆ

ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಎಡಗಡೆ ಕೆಳದವಡೆಯ ಹಲ್ಲು ಸಿಡಿಯುತ್ತಿತ್ತು. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಜಾಸ್ತಿಯಾಗುತ್ತದೆ. ಹಲ್ಲಿನೊಳಗೆ ಊದಿದ ತಿರುಳಿಗೆ ಹಿಗ್ಗಲು ಜಾಗವೇ ಇರುವುದಿಲ್ಲ. ಅದಕ್ಕೇ ಹಲ್ಲುನೋವು ರಾತ್ರಿ ಹೊತ್ತು ಜೋರು. ಎರಡು ದಿಂಬು ಒರಗಿಸಿಕೊಂಡು ಬೆಳಗಾಗುವವರೆಗೆ ಕೂತೇ ಇದ್ದೆ. ರೂಟ್ ಕೆನಾಲ್‌ಗೆ ಸಂಜೆ ಐದು ಗಂಟೆಗೆ ಬರಲು ಹೇಳಿದ್ದರು. ನಾನು ಪಶುವೈದ್ಯ. ಅಷ್ಟರೊಳಗೆ ಎರಡು ಕುದುರೆ ನೋಡಬೇಕಿತ್ತು.

ಮೊದಲನೆಯದು ಮೈಸೂರಿನ ಟಾಂಗಾದವರೊಬ್ಬರ ಮನೆಯ ಹೆಣ್ಣು ಕುದುರೆ. "ಒಂದು ತಿಂಗಳಿಂದ ಸೊರಗ್ತಾ ಇದೆ ಸಾರ್. ಜಂತುಹುಳದ ಔಷಧಿ ಎರಡು ಸಲ ಹಾಕಿದೆ, ಏನೂ ಆಗ್ಲಿಲ್ಲ" ಅಂದರು. ನಾನು ಕುದುರೆಗಿಂತ ಮೊದಲು ಗೋದಲಿ ನೋಡಿದೆ. ಅರ್ಧ ಜಗಿದು ಉಗುಳಿದ ಹುಲ್ಲು ಒದ್ದೆ ಉಂಡೆಗಳಾಗಿ ಬಿದ್ದಿತ್ತು. ಲದ್ದಿ ಒಡೆದು ನೋಡಿದೆ. ಹುರುಳಿ ಕಾಳು ಇಡಿಯಾಗಿ ಹಾಗೇ ಇತ್ತು. ತೊಂದರೆ ಬಾಯಲ್ಲಿದೆ ಅಂತ ಅಲ್ಲೇ ಅರ್ಧ ಗೊತ್ತಾಯಿತು.

ಮಂಪರು ಬರುವ ಇಂಜೆಕ್ಷನ್ ಕೊಟ್ಟೆ. ಐದು ನಿಮಿಷದಲ್ಲಿ ತಲೆ ಇಳಿಬಿಟ್ಟು ನಿಂತಿತು. ಬಾಯಿ ತೆರೆದು ಹಿಡಿಯುವ ಉಕ್ಕಿನ ಗ್ಯಾಗ್ ಹಾಕಿ, ಟಾರ್ಚ್ ಬಿಟ್ಟು, ಒಳಗೆ ಕೈಯಾಡಿಸಿದೆ. ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಚಾಕುವಿನಷ್ಟು ಚೂಪು. ಅದರ ಎದುರಿಗೇ ಕೆನ್ನೆಯ ಒಳಗೆ ಹೆಬ್ಬೆರಳಿನಷ್ಟು ಅಗಲದ ಹುಣ್ಣು. ನೋಡಿದ ಕೂಡಲೇ ನನ್ನ ದವಡೆಯೂ ಜುಮ್ಮೆಂದಿತು.

ಹೀಗೇಕಾಗುತ್ತದೆ? ಕುದುರೆಯ ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಅದು ನಮ್ಮ ಹಾಗೆ ಮೇಲೆ ಕೆಳಗೆ ಕಚ್ಚುವುದಿಲ್ಲ, ಪಕ್ಕಕ್ಕೆ ಅರೆಯುತ್ತದೆ. ಬಯಲಲ್ಲಿ ದಿನವಿಡೀ ಹುಲ್ಲು ಮೇಯುವಾಗ ದವಡೆ ಅಗಲಕ್ಕೆ ಆಡುತ್ತದೆ, ಹಲ್ಲು ಹೆಚ್ಚುಕಡಿಮೆ ಒಂದೇ ಸಮ ಸವೆಯುತ್ತದೆ. ಬೂಸಾ, ಹುರುಳಿ ಕೊಟ್ಟರೆ ಸ್ವಲ್ಪ ಹೊತ್ತಿಗೇ ಮೇವು ಮುಗಿಯುತ್ತದೆ, ದವಡೆಯೂ ಅಷ್ಟು ಅಗಲಕ್ಕೆ ಹೋಗುವುದಿಲ್ಲ. ಆಗ ಮೇಲಿನ ಹಲ್ಲಿನ ಹೊರಗಡೆ, ಕೆಳಗಿನ ಹಲ್ಲಿನ ಒಳಗಡೆ ಅಂಚು ಉಳಿದು ಚೂಪಾಗುತ್ತದೆ. ಮೇಲಿನದು ಕೆನ್ನೆ ಕೊಯ್ಯುತ್ತದೆ, ಕೆಳಗಿನದು ನಾಲಿಗೆ ಕೊಯ್ಯುತ್ತದೆ. ಟಾಂಗಾದವರಿಗೆ ಬೈದು ಏನು ಪ್ರಯೋಜನ? ಪೇಟೆಯಲ್ಲಿ ಮೇಯಿಸಲು ಬಯಲೆಲ್ಲಿದೆ?

ಚೂಪು ಅಂಚು ಉಜ್ಜಲು ಅರ ತೆಗೆದುಕೊಂಡಾಗ ಟಾಂಗಾದವರಿಗೆ ಗಾಬರಿ. "ಹಲ್ಲು ಉಜ್ಜಿಬಿಟ್ರೆ ಮತ್ತೆ ಬರತ್ತಾ ಸಾರ್?"

ಬರುತ್ತದೆ. ಎಳೆ ಕುದುರೆಯ ದವಡೆ ಹಲ್ಲಿನ ಬಹುಪಾಲು ವಸಡಿನ ಒಳಗೇ ಇರುತ್ತದೆ. ವರ್ಷಕ್ಕೆ ಸುಮಾರು 2ರಿಂದ 3 ಮಿ.ಮೀ. ಮೇಲೆ ಬರುತ್ತದೆ, ಹೆಚ್ಚುಕಡಿಮೆ ಅಷ್ಟೇ ಸವೆಯುತ್ತದೆ. ನಮಗೆ ಆ ಭಾಗ್ಯವಿಲ್ಲ. ನಮ್ಮ ಹಲ್ಲಿನ ಹೊರಪದರ ಒಂದು ಸಲ ಹೋದರೆ ಹೋಯಿತು. ಆದರೆ ಕುದುರೆಗೂ ಅದು ಮುಗಿಯದ ಗಂಟಲ್ಲ. ವಯಸ್ಸು 25 ದಾಟಿದ ಕುದುರೆಗಳಲ್ಲಿ ಹಲ್ಲು ಬೇರಿನವರೆಗೆ ಸವೆದು ಉದುರಿದ್ದನ್ನೂ ನೋಡಿದ್ದೇನೆ. ಆದ್ದರಿಂದ ಚೂಪು ಅಂಚನ್ನು ಮಾತ್ರ ತೆಗೆಯಬೇಕು. ಆ ಅಂಚಿಗೆ ನೋವು ಗೊತ್ತಾಗುವುದಿಲ್ಲ. ಜಾಸ್ತಿ ಉಜ್ಜಿದರೆ ಒಳಗಿನ ತಿರುಳು ತೆರೆದುಕೊಳ್ಳುತ್ತದೆ, ಹಲ್ಲೇ ಸಾಯಬಹುದು. ಅಭ್ಯಾಸವಿಲ್ಲದವರ ಕೈಗೆ ಅರ ಕೊಡಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಹೊರಡುವಾಗ ಹೇಳಿದೆ, "ಎರಡು ಗಂಟೆ ಏನೂ ತಿನ್ನಿಸಬೇಡಿ. ಮಂಪರಲ್ಲಿ ತಿಂದ್ರೆ ಮೇವು ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳತ್ತೆ. ಹುಣ್ಣು ಮಾಯೋವರೆಗೂ ಕಡಿವಾಣ ಹಾಕ್ಬೇಡಿ." ಅವರು ಒಂದು ಕ್ಷಣ ಸುಮ್ಮನಾದರು. ಗಾಡಿ ಕಟ್ಟದಿದ್ದರೆ ಅಂದಿನ ಸಂಪಾದನೆ ಇಲ್ಲ ಅಲ್ವಾ? ಆದರೂ "ಆಗಲಿ ಸಾರ್" ಅಂದು ಕುದುರೆಯ ಕತ್ತು ಸವರಿದರು.

ಎರಡನೆಯದು ಸವಾರಿ ಕಲಿಸುವ ಕಡೆಯ ಐದು ವರ್ಷದ ಗಂಡು. ಲಗಾಮು ಎಳೆದರೆ ಸಾಕು, ತಲೆ ಒದರುತ್ತದೆ. ಮೊಂಡು ಅಂತ ಹೆಸರು ಬಿದ್ದಿತ್ತು. ಮೇಲಿನ ಮೊದಲ ದವಡೆ ಹಲ್ಲಿನ ಮುಂದೆ ಸಣ್ಣದೊಂದು ಹಲ್ಲು ಓರೆಯಾಗಿ ನಿಂತಿತ್ತು. ಅದನ್ನು ವುಲ್ಫ್ ಟೂತ್ ಅನ್ನುತ್ತೇವೆ. ಎಲ್ಲ ಕುದುರೆಗೂ ಇರುವುದಿಲ್ಲ, ಇದ್ದರೂ ಎಲ್ಲವನ್ನೂ ಕೀಳಬೇಕಿಲ್ಲ. ಈ ಕುದುರೆಗೆ ಮಾತ್ರ ಕಡಿವಾಣ ನೇರವಾಗಿ ಅದಕ್ಕೇ ತಾಗುತ್ತಿತ್ತು. ಮರಗಟ್ಟಿಸಿ ಕಿತ್ತೆ. ಆ ಕುದುರೆ ಇಷ್ಟು ದಿನ ನೋವಾಗುತ್ತಿದೆ ಅಂತಲೇ ಹೇಳುತ್ತಿತ್ತು. ಅದಕ್ಕೆ ಬೈಗುಳ ಸಿಕ್ಕಿದ್ದು ನೆನೆದರೆ ಈಗಲೂ ಬೇಜಾರಾಗುತ್ತದೆ.

ಕುದುರೆ ನೋವು ಬಚ್ಚಿಡುವ ಪ್ರಾಣಿ. ಕಾಡಿನಲ್ಲಿ ನೋವು ತೋರಿಸಿದ್ದು ಬೇಟೆಗೆ ಸಿಕ್ಕಿಬೀಳುತ್ತದೆ. ಸೊರಗಿದ್ದು ಕಾಣುವಷ್ಟರಲ್ಲಿ ಅದು ವಾರಗಟ್ಟಲೆ ಸಹಿಸಿರುತ್ತದೆ. ಹಾಗಾಗಿ ಗೋದಲಿ, ಲದ್ದಿ ದಿನಾ ನೋಡಿ. ಒಂದೇ ಹೊಳ್ಳೆಯಿಂದ ವಾಸನೆಯ ಕೀವು ಬಂದರೆ ಶೀತ ಅಂತ ಬಿಡಬೇಡಿ. ಮೇಲಿನ ಹಿಂದಿನ ಹಲ್ಲುಗಳ ಬೇರು ಮೂಗಿನ ಪಕ್ಕದ ಪೊಟರೆಯಲ್ಲೇ ಇರುತ್ತದೆ. ವರ್ಷಕ್ಕೊಮ್ಮೆ ಬಾಯಿ ತೋರಿಸಿ, ಹಾಲುಹಲ್ಲು ಬೀಳುವ ಎರಡೂವರೆಯಿಂದ ನಾಲ್ಕೂವರೆ ವರ್ಷದೊಳಗೆ ಆರು ತಿಂಗಳಿಗೊಮ್ಮೆ.

ಐದಕ್ಕೆ ನಾನು ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದೆ. ಮುಗಿದ ಮೇಲೆ ವೈದ್ಯೆ ಹೇಳಿದರು, "ಮರಗಟ್ಟಿದ್ದು ಬಿಡೋವರೆಗೂ ಏನೂ ತಿನ್ಬೇಡಿ ಸರ್, ಕೆನ್ನೆ ಕಚ್ಚಿಕೊಳ್ತೀರಿ."

ಹೊರಗೆ ಬಂದು, ತುಟಿ ಇನ್ನೂ ದಪ್ಪಗಿರುವಾಗಲೇ ಟಾಂಗಾದವರಿಗೆ ಫೋನ್ ಮಾಡಿದೆ.

"ತಿಂತಾ ಇದೆ ಸಾರ್. ಉಂಡೆ ಇನ್ನೂ ಎರಡು ಬಿದ್ದಿದೆ."

"ಹುಣ್ಣು ಮಾಯಬೇಕಲ್ಲ, ಒಂದು ವಾರ ಹಂಗೇ. ಬೂಸಾ ನೀರಲ್ಲಿ ನೆನೆಸಿ ಕೊಡಿ. ಹುರುಳಿ ಮೆತ್ತಗೆ ಬೇಯಿಸಿ" ಅಂದೆ.