ಪುಟ್ಟ ಮಕ್ಕಳ ಉಗ್ಗು: ಶುರುವಾಗುವುದೇಕೆ, ಉಳಿಯುವುದೇಕೆ

ವಾಕ್ ಚಿಕಿತ್ಸೆ ಕಲಿಯುವವರು ಮಕ್ಕಳ ಉಗ್ಗಿನ ಅಧ್ಯಾಯ ಓದುವಾಗ ವಂಶ, ಲಿಂಗ, ವಯಸ್ಸು, ಭಾಷೆ, ಸ್ವಭಾವ ಎಂದು ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಂಡರೆ ಏನೂ ತಲೆಗೆ ಹತ್ತುವುದಿಲ್ಲ. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಉಗ್ಗು ಶುರುವಾಗಲು ಕಾರಣವಾಗುವ ಅಂಶಗಳು, ಬಲಕ್ಕೆ ಶುರುವಾದದ್ದು ಉಳಿದುಬಿಡಲು ಕಾರಣವಾಗುವ ಅಂಶಗಳು. ಒಂದೇ ಅಂಶ ಎರಡೂ ಕಡೆ ಬರಬಹುದು. ಆದರೆ ಎರಡೂ ಕಡೆ ಅದರ ತೂಕ ಒಂದೇ ಅಲ್ಲ.

ಸಹಜ ತಡವರಿಕೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ‘ನನಗೆ, ನನಗೆ ಚೆಂಡು ಬೇಕು’ ಎಂದು ಇಡೀ ಪದ ಮತ್ತೆ ಬಂದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ‘ಚೆ-ಚೆ-ಚೆ-ಚೆಂಡು’, ‘ಸ್ಸ್ಸ್ಸಾಕು’, ಅಥವಾ ಬಾಯಿ ತೆರೆದರೂ ದನಿ ಹೊರಡದ ತಡೆ ಉಗ್ಗಿನ ಗುರುತುಗಳು.

ಲೆಕ್ಕ

ಉಗ್ಗು ಹೆಚ್ಚಾಗಿ 2ರಿಂದ 4 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಜೀವನದಲ್ಲಿ ಎಂದಾದರೂ ಉಗ್ಗಿದವರು ಸುಮಾರು ಶೇ. 5, ಯಾವುದೇ ಒಂದು ಹೊತ್ತಿನಲ್ಲಿ ಉಗ್ಗುತ್ತಿರುವವರು ಸುಮಾರು ಶೇ. 1. ನೂರರಲ್ಲಿ ಐವರಿಗೆ ಶುರುವಾಗಿ, ಹೆಚ್ಚುಕಡಿಮೆ ನಾಲ್ವರಿಗೆ ಹೋಗುತ್ತದೆ.

ನಾನು ಬಹಳ ಹೊತ್ತು ಸಿಕ್ಕಿಕೊಂಡದ್ದು ಗಂಡು-ಹೆಣ್ಣಿನ ಅನುಪಾತದಲ್ಲಿ. ಶುರುವಿನಲ್ಲಿ ಹುಡುಗರು ಹುಡುಗಿಯರ ಎರಡು ಪಟ್ಟು ಎನ್ನುತ್ತಾರೆ, ದೊಡ್ಡವರಲ್ಲಿ ಗಂಡಸರು ನಾಲ್ಕು ಪಟ್ಟು ಎನ್ನುತ್ತಾರೆ. ಹಾಗಾದರೆ ನಡುವೆ ಇನ್ನಷ್ಟು ಹುಡುಗರು ಉಗ್ಗಲು ಶುರುಮಾಡಿದರೇ? ಇಲ್ಲ. ಲೆಕ್ಕಕ್ಕೆ ಸುಲಭವಾಗಲೆಂದು ಉಗ್ಗುವ 150 ಮಕ್ಕಳಿದ್ದಾರೆ ಎಂದುಕೊಳ್ಳಿ: 100 ಹುಡುಗರು, 50 ಹುಡುಗಿಯರು. ಶೇ. 80 ಮಕ್ಕಳಿಗೆ ಗುಣವಾದರೆ ಉಳಿಯುವವರು 30. ಆ ಮೂವತ್ತು ನಾಲ್ಕಕ್ಕೆ ಒಂದರಂತೆ ಹಂಚಿಕೆಯಾಗಬೇಕಾದರೆ 24 ಹುಡುಗರು, 6 ಹುಡುಗಿಯರು. ಅಂದರೆ ಹುಡುಗರಲ್ಲಿ 76 ಮಂದಿಗೆ, ಶೇ. 76ಕ್ಕೆ, ಗುಣವಾಗಿದೆ. ಹುಡುಗಿಯರಲ್ಲಿ 44 ಮಂದಿಗೆ, ಶೇ. 88ಕ್ಕೆ. ಹೊಸಬರು ಒಬ್ಬರೂ ಸೇರಿಲ್ಲ. ಹುಡುಗಿಯರು ಹೆಚ್ಚು ಪ್ರಮಾಣದಲ್ಲಿ ಹೊರಬಿದ್ದಿದ್ದಾರೆ, ಅಷ್ಟೇ. 76 ಮತ್ತು 88 ಯಾವ ಅಧ್ಯಯನದ ಅಂಕಿಗಳೂ ಅಲ್ಲ, ನಮ್ಮ ಊಹೆಯ ಲೆಕ್ಕದಿಂದ ಬಂದವು. ಆದರೆ ಇದನ್ನು ಒಮ್ಮೆ ಕೈಯಾರೆ ಮಾಡಿದರೆ ‘ಲಿಂಗ’ ಎಂಬ ಅಂಶವನ್ನು ಎಡಕ್ಕೂ ಬಲಕ್ಕೂ ಬರೆಯಬೇಕು ಎಂಬುದು ಸ್ಪಷ್ಟವಾಗುತ್ತದೆ.

ಬಲಗಡೆ ಏನೇನು

ಮನೆತನದ ಪ್ರಶ್ನೆಯನ್ನು ಎರಡು ಹಂತದಲ್ಲಿ ಕೇಳಬೇಕು. ‘ಮನೆಯಲ್ಲಿ ಬೇರೆ ಯಾರಿಗಾದರೂ ಉಗ್ಗು ಇದೆಯೇ?’ ಎಂಬುದಷ್ಟೇ ಸಾಲದು. ‘ಚಿಕ್ಕಂದಿನಲ್ಲಿ ಇತ್ತೇ? ಈಗಲೂ ಇದೆಯೇ?’ ಎಂದೂ ಕೇಳಬೇಕು. ಸೋದರಮಾವನಿಗೆ ಬಾಲ್ಯದಲ್ಲಿ ಬಂದು ಹೋಗಿದ್ದರೆ ಮಗುವಿಗೂ ಹೋಗುವ ಸಂಭವ ಹೆಚ್ಚು. ಅವರು ಇಂದಿಗೂ ಉಗ್ಗುತ್ತಿದ್ದರೆ ಉಳಿಯುವ ಅಪಾಯ ಹೆಚ್ಚು. ಮೂರೂವರೆ ವರ್ಷ ಕಳೆದ ಮೇಲೆ ಶುರುವಾಗಿರುವುದು, ಒಂದು ವರ್ಷವಾದರೂ ಇಳಿಮುಖವಾಗದಿರುವುದು, ಉಚ್ಚಾರಣೆಯ ಬೆಳವಣಿಗೆ ಹಿಂದುಳಿದಿರುವುದು ಕೂಡ ಈ ಕಡೆಯವೇ.

ಶುರುವಿನಲ್ಲಿ ಉಗ್ಗು ಎಷ್ಟು ತೀವ್ರವಾಗಿದೆ ಎಂಬುದು ಇಲ್ಲಿ ನಂಬಬಹುದಾದ ಸೂಚನೆಯಲ್ಲ. ಮೊದಲ ವಾರದಲ್ಲೇ ಮುಖ ಬಿಗಿದು ಒದ್ದಾಡಿದ ಮಗು ಪೂರ್ತಿ ಗುಣವಾಗಬಹುದು.

ಎಡಗಡೆ

ಒಂದೇ ಅಂಡದ ಅವಳಿಗಳಲ್ಲಿ ಇಬ್ಬರಿಗೂ ಉಗ್ಗು ಬರುವ ಸಂಭವ ಬೇರೆ ಅವಳಿಗಳಿಗಿಂತ ಹೆಚ್ಚು, ಆದರೆ ಯಾವಾಗಲೂ ಇಬ್ಬರಿಗೂ ಬರುವುದಿಲ್ಲ. ವಂಶವಾಹಿಯ ಪಾಲು ದೊಡ್ಡದು, ಅದೊಂದೇ ಅಲ್ಲ ಎಂಬುದಕ್ಕೆ ಇದೇ ಆಧಾರ. ಎರಡರಿಂದ ನಾಲ್ಕರ ನಡುವೆ ವಾಕ್ಯಗಳು ಬೇಗ ಉದ್ದವಾಗುತ್ತವೆ. ‘ಅಮ್ಮ ಬಾ’ ಎನ್ನುವಾಗ ತಡೆಯದ ಮಗು ‘ಅಜ್ಜಿ ಕೊಟ್ಟ ಚೆಂಡನ್ನು ಅಣ್ಣ ತೆಗೆದುಕೊಂಡು ಹೋದ’ ಎನ್ನುವಾಗ ಮೊದಲ ಪದದಲ್ಲೇ ನಿಲ್ಲಬಹುದು. ಎಲ್.ಕೆ.ಜಿ.ಗೆ ಸೇರಿಸುವ ವಯಸ್ಸೂ ಹೆಚ್ಚುಕಡಿಮೆ ಇದೇ ಆದ್ದರಿಂದ ಮನೆಯವರು ಇಂಗ್ಲಿಷನ್ನೋ ಶಾಲೆಯನ್ನೋ ದೂರುತ್ತಾರೆ. ಎರಡು ಭಾಷೆ ಕಲಿಯುವುದರಿಂದ ಉಗ್ಗು ಬರುತ್ತದೆ ಎಂಬುದಕ್ಕೆ ಪುರಾವೆಯಿಲ್ಲ, ಮನೆಮಾತನ್ನು ಬಿಡಿಸಲೇಬಾರದು.

ತಂದೆತಾಯಿಯ ವಿಷಯದಲ್ಲಿ ಪಠ್ಯಗಳ ಹಳೆಯ ನೆರಳು ಇನ್ನೂ ಹೋಗಿಲ್ಲ. ಸಹಜ ತಡವರಿಕೆಗೆ ಹೆತ್ತವರು ‘ಉಗ್ಗು’ ಎಂದು ಹೆಸರಿಟ್ಟು ತಿದ್ದತೊಡಗಿದ್ದರಿಂದಲೇ ಉಗ್ಗು ಹುಟ್ಟುತ್ತದೆ ಎಂದು ಅಮೆರಿಕದ ಐಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ವಾದಿಸಿದರು. ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ 1939ರಲ್ಲಿ ಅನಾಥಾಶ್ರಮದ 22 ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕೆಲವರಿಗೆ ‘ನಿನ್ನ ಮಾತು ಸರಿಯಿಲ್ಲ’ ಎಂದು ಹೇಳುತ್ತ ಹೋದರು. ಆ ಮಕ್ಕಳು ಮಾತಾಡಲು ಹಿಂಜರಿದರು. ಉಗ್ಗು ಹೀಗೆ ಹುಟ್ಟುತ್ತದೆ ಎಂಬುದಂತೂ ಸಾಬೀತಾಗಲಿಲ್ಲ. 2001ರಲ್ಲಿ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ಉಗ್ಗುವ ಮಗುವಿನ ತಾಯಿ ಆತಂಕದಲ್ಲಿದ್ದರೆ, ಆ ಆತಂಕ ಉಗ್ಗಿನಿಂದ ಬಂದದ್ದಿರಬಹುದು. ‘ನಾನೇನು ತಪ್ಪು ಮಾಡಿದೆ?’ ಎಂದು ಕೇಳುವ ತಾಯಿಗೆ ‘ನಿಮ್ಮಿಂದ ಬಂದದ್ದಲ್ಲ’ ಎಂದು ಮೊದಲ ಭೇಟಿಯಲ್ಲೇ ಹೇಳಬೇಕು.

ಬಜೆ ಮತ್ತು ಚಿಕಿತ್ಸೆ

ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದರಿಂದ ಮಾತು ಸರಿಹೋಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಐವರಲ್ಲಿ ನಾಲ್ವರಿಗೆ ಹೇಗೂ ಹೋಗುವುದಾದರೆ ಯಾವ ಔಷಧಿಯೂ ಗೆದ್ದಂತೆಯೇ ಕಾಣುತ್ತದೆ. ಇದೇ ಅನುಮಾನ ನಮ್ಮ ವಾಕ್ ಚಿಕಿತ್ಸೆಗೂ ತಗಲುತ್ತದೆ. ಅದಕ್ಕೇ 2005ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಪ್ರಯೋಗ ಮುಖ್ಯ. ಮಕ್ಕಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ಹೆತ್ತವರ ಮೂಲಕ ನಡೆಯುವ ಲಿಡ್‌ಕೂಂಬ್ ಚಿಕಿತ್ಸೆ ಕೊಟ್ಟರು. ಎರಡೂ ಗುಂಪುಗಳಲ್ಲಿ ಆರಂಭದಲ್ಲಿ ನೂರಕ್ಕೆ ಆರಕ್ಕಿಂತ ಹೆಚ್ಚು ಉಚ್ಚಾರಾಂಶಗಳಲ್ಲಿ ಉಗ್ಗು ಇತ್ತು. ಒಂಬತ್ತು ತಿಂಗಳ ನಂತರ ಚಿಕಿತ್ಸೆಯ ಗುಂಪಿನಲ್ಲಿ ಅದು 1.5ಕ್ಕೆ, ಇನ್ನೊಂದರಲ್ಲಿ 3.9ಕ್ಕೆ ಇಳಿದಿತ್ತು. ತಾನಾಗಿ ಆದ ಇಳಿಕೆಯೂ ಇದೆ. ಚಿಕಿತ್ಸೆಯ ಲೆಕ್ಕಕ್ಕೆ ಸೇರುವುದು ಇವೆರಡರ ನಡುವಿನ ಅಂತರ ಮಾತ್ರ.