ಅಸಿಂಕ್ ಹಾಕಿದರೂ ಸೈಟ್ ಯಾಕೆ ನಿಲ್ಲುತ್ತದೆ?

ಪೈಥಾನ್‌ನಲ್ಲಿ ಅಸಿಂಕ್ ಎಂದರೆ ಒಂದು ಕೆಲಸ ಉತ್ತರಕ್ಕೆ ಕಾಯುವಾಗ ಬೇರೆ ಕೆಲಸ ನಡೆಸುವ ರೀತಿ. ಶಿರಸಿಯ ನನ್ನ ಆಫೀಸಿಗೆ ಬರುವ ಫೋನುಗಳಲ್ಲಿ ಈಗೀಗ ಅದರದ್ದೇ ಒಂದು ದೂರು ಜಾಸ್ತಿ. "ಸರ್, ಎಲ್ಲಾ ಕಡೆ ಅಸಿಂಕ್ ಹಾಕಿದ್ದೇವೆ. ಆದ್ರೂ ಇಪ್ಪತ್ತು ಜನ ಒಟ್ಟಿಗೆ ಬಂದ್ರೆ ಸೈಟ್ ಹ್ಯಾಂಗ್ ಆಗ್ತದೆ. ದೊಡ್ಡ ಸರ್ವರ್ ತಗೊಳ್ಳೋಣ್ವಾ?" ಬೇಡ ಮಾರಾಯ್ರೆ. ಮೊದಲು ಸಿಪಿಯು ಗ್ರಾಫ್ ನೋಡಿ. ಹೆಚ್ಚಿನ ಸಲ ಅದು ಕೆಲಸವಿಲ್ಲದೆ ಸುಮ್ನೆ ಕೂತಿರುತ್ತದೆ.

ಗೋಕರ್ಣದ ಒಂದು ಹೋಮ್‌ಸ್ಟೇ ಬುಕಿಂಗ್ ಆಪ್ ನೋಡಿದ್ದೆ. ಶಿವರಾತ್ರಿ ಹತ್ತಿರ ಬಂತೆಂದರೆ ಎಲ್ಲರಿಗೂ ಒಂದೇ ಹೊತ್ತಿಗೆ ರೂಮು ಬೇಕು. ಬರೆದ ಹುಡುಗರು ಜಾಣರು, ಕೋಡ್ ಅಚ್ಚುಕಟ್ಟು. ಬರೆಯಲು ಫಾಸ್ಟ್‌ಎಪಿಐ, ಓಡಿಸಲು ಯುವಿಕಾರ್ನ್ ಸರ್ವರ್, ಅದರಲ್ಲಿ ಒಂದೇ ವರ್ಕರ್ (ಕೆಲಸ ಮಾಡುವ ಪ್ರೊಸೆಸ್). ಬುಕಿಂಗ್ ಫಂಕ್ಷನ್ 'ಅಸಿಂಕ್ ಡೆಫ್'. ಆದರೆ ಅದರೊಳಗೆ ಪೇಮೆಂಟ್ ಗೇಟ್‌ವೇಯನ್ನು ಕೇಳುವುದು 'ರಿಕ್ವೆಸ್ಟ್ಸ್' ಲೈಬ್ರರಿಯಿಂದ. ತೊಂದರೆ ಇದ್ದದ್ದು ಆ ಒಂದೇ ಸಾಲಿನಲ್ಲಿ.

ನಮ್ಮ ಕಡೆ ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಬಡಿಸುವವನು ಒಬ್ಬನೇ. ಒಬ್ಬರು ತುಪ್ಪ ಕೇಳಿದರು, ತುಪ್ಪ ಒಳಗಿಂದ ಬರಬೇಕು. "ತರಿಸ್ತೇನೆ" ಎಂದು ಹೇಳಿ ಮುಂದಿನ ಎಲೆಗೆ ಹೋದರೆ ಪಂಕ್ತಿ ಸಾಗುತ್ತದೆ. 'ಅವೇಟ್' ಮಾಡುವುದು ಇಷ್ಟೇ. ತುಪ್ಪ ಬರುವ ತನಕ ಅಲ್ಲೇ ನಿಂತುಬಿಟ್ಟರೆ ಉಳಿದವರೆಲ್ಲ ಖಾಲಿ ಎಲೆ ನೋಡುತ್ತಾ ಕೂರಬೇಕು. 'ರಿಕ್ವೆಸ್ಟ್ಸ್' ಹಾಗೆ ನಿಂತುಬಿಡುತ್ತದೆ. ಹೊರಗೆ 'ಅಸಿಂಕ್' ಎಂದು ಬರೆದದ್ದರಿಂದ ಒಳಗಿನ ಸಾಲು ಬದಲಾಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಲೆಕ್ಕ ಹಾಕಿ ನೋಡಿ. ಗೇಟ್‌ವೇ ಉತ್ತರಕ್ಕೆ 3 ಸೆಕೆಂಡ್. 20 ಜನ ಒಟ್ಟಿಗೆ ಬಟನ್ ಒತ್ತಿದರೆ ಕೊನೆಯವರಿಗೆ ಪೂರಾ 1 ನಿಮಿಷ. ಅಷ್ಟು ಹೊತ್ತು ರೂಮಿನ ಫೋಟೋ ನೋಡಲು ಬಂದವರಿಗೂ ಪುಟ ತೆರೆಯುವುದಿಲ್ಲ.

ಹುಡುಗರು ನಂಬದ ಮಾತೊಂದಿದೆ. ಆ ಫಂಕ್ಷನ್‌ನಿಂದ 'ಅಸಿಂಕ್' ತೆಗೆದು ಬರೀ 'ಡೆಫ್' ಇಟ್ಟರೂ ಸೈಟ್ ಚುರುಕಾಗುತ್ತದೆ! ಬರೀ 'ಡೆಫ್' ಇದ್ದರೆ ಫಾಸ್ಟ್‌ಎಪಿಐ ಅದನ್ನು ಬೇರೆ ಥ್ರೆಡ್‌ಗೆ, ಅಂದರೆ ಇನ್ನೊಬ್ಬ ಬಡಿಸುವವನಿಗೆ, ಕಳಿಸುತ್ತದೆ. ನಾವೇನೂ ಬದಲಿಸದಿದ್ದರೆ 40 ಥ್ರೆಡ್ ತನಕ ಅವಕಾಶ ಇರುತ್ತದೆ. 'ಅಸಿಂಕ್' ಉಳಿಸಿಕೊಳ್ಳಲೇಬೇಕು ಅಂತಿದ್ದರೆ 'ರಿಕ್ವೆಸ್ಟ್ಸ್' ಲೈಬ್ರರಿಯ ಬದಲು 'ಎಚ್‌ಟಿಟಿಪಿಎಕ್ಸ್'‌ನ ಅಸಿಂಕ್ ಕ್ಲೈಂಟ್ ಬಳಸಿ, 'ಅವೇಟ್' ಹಾಕಿ. ಡೇಟಾಬೇಸ್ ಡ್ರೈವರ್‌ಗೂ ಇದೇ ಮಾತು. ಅದನ್ನು ಮರೆಯುವವರೇ ಜಾಸ್ತಿ.

ಯಾವ ಸಾಲು ನಿಲ್ಲಿಸುತ್ತಿದೆ ಎಂದು ಊಹಿಸುತ್ತಾ ಕೂರಬೇಡಿ. ಟೆಸ್ಟ್ ಸರ್ವರ್‌ನಲ್ಲಿ ಅಸಿಂಕ್ ನಡೆಸುವ ಪೈಥಾನ್ ಲೈಬ್ರರಿ ಅಸಿಂಕ್‌ಐಒದ ಡಿಬಗ್ ಮೋಡ್ ಆನ್ ಮಾಡಿ. 0.1 ಸೆಕೆಂಡಿಗಿಂತ ಹೆಚ್ಚು ಹೊತ್ತು ಲೂಪನ್ನು (ಕೆಲಸಗಳನ್ನು ಸರದಿಯಲ್ಲಿ ನಡೆಸುವ, ಪಂಕ್ತಿಯ ಬಡಿಸುವವನಂಥದ್ದು) ಹಿಡಿದಿಟ್ಟ ಕೆಲಸದ ಹೆಸರು, ತೆಗೆದುಕೊಂಡ ಸಮಯ ಎರಡೂ ಲಾಗ್‌ನಲ್ಲಿ ಬೀಳುತ್ತವೆ. ಗೋಕರ್ಣದ ಆಪ್‌ನಲ್ಲಿ ಲಾಗ್ ಪೂರ್ತಿ ಬುಕಿಂಗ್ ಫಂಕ್ಷನ್ನೇ ತುಂಬಿತ್ತು. ನೋಡಿದ ಹುಡುಗಿ ಒಂದೇ ಮಾತಾಡಿದಳು: "ಅಯ್ಯೋ, ಇದೇನಾ!"

ಒಂದು ಎಚ್ಚರಿಕೆ. ಫೋಟೋ ಚಿಕ್ಕದು ಮಾಡುವುದು, ದೊಡ್ಡ ಪಿಡಿಎಫ್ ತಯಾರಿಸುವುದು ಇಂಥ ಕೆಲಸಕ್ಕೆ ಅಸಿಂಕ್ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಸಿಪಿಯು ನಿಜವಾಗಿಯೂ ದುಡಿಯುತ್ತಿರುತ್ತದೆ. ಗಿಲ್ ಎಂಬ ಬೀಗ ಇರುವ ಮಾಮೂಲಿ ಪೈಥಾನ್‌ನಲ್ಲಿ ಒಂದು ಪ್ರೊಸೆಸ್ ಒಳಗೆ ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುತ್ತದೆ. ಗಿಲ್ ಇಲ್ಲದ ಬಿಲ್ಡ್ 2024ರ ಪೈಥಾನ್ 3.13ರಿಂದ ಪ್ರತ್ಯೇಕವಾಗಿ ಸಿಗುತ್ತಿದೆ, ಆದರೆ ನಿಮ್ಮ ಲೈಬ್ರರಿಗಳು ಅದಕ್ಕೆ ಹೊಂದುತ್ತವೆಯೇ ಎಂದು ನೋಡದೆ ಗ್ರಾಹಕರ ಸೈಟಿಗೆ ಹಾಕಬೇಡಿ. ಸದ್ಯಕ್ಕೆ ಇಂಥ ಕೆಲಸವನ್ನು ಬೇರೆ ಪ್ರೊಸೆಸ್‌ಗೆ ಕೊಡಿ, ಸೆಲೆರಿಯಂಥ ಕ್ಯೂ (ಕೆಲಸಗಳ ಸರದಿ) ಸಾಕು. ವರ್ಕರ್ ಹೆಚ್ಚಿಸುವುದೂ ಒಂದು ದಾರಿ. ಆದರೆ ಪ್ರತಿ ವರ್ಕರ್ ತನ್ನದೇ ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆಯುತ್ತದೆ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮಾಮೂಲಿ ಮಿತಿ 100.

ಟೈಮ್‌ಔಟ್ ಕೂಡ ನೋಡಿಕೊಳ್ಳಿ. 'ರಿಕ್ವೆಸ್ಟ್ಸ್'ಗೆ ನೀವು ಹೇಳದಿದ್ದರೆ ಟೈಮ್‌ಔಟೇ ಇಲ್ಲ, 'ಎಚ್‌ಟಿಟಿಪಿಎಕ್ಸ್'‌ಗೆ 5 ಸೆಕೆಂಡ್ ಇದೆ. ಪೇಮೆಂಟ್ ಟೈಮ್‌ಔಟ್ ಆಯಿತೆಂದರೆ ದುಡ್ಡು ಹೋಗಿಲ್ಲ ಎಂದು ಅರ್ಥವಲ್ಲ. ಗೇಟ್‌ವೇಯಲ್ಲಿ ಸ್ಟೇಟಸ್ ಕೇಳಿ ಖಚಿತ ಮಾಡಿಕೊಳ್ಳದೆ ಪ್ರವಾಸಿಗರಿಗೆ ಮತ್ತೆ ಪೇಮೆಂಟ್ ಬಟನ್ ತೋರಿಸಬೇಡಿ.