ಎಡಕ್ಕೆ ನಿಧಾನ, ಬಲಕ್ಕೆ ಚುರುಕು

ಮಿನಿ ಟ್ರ್ಯಾಕ್ಟರಿನ ಮುಂದೆ ಮಣ್ಣು ತಳ್ಳುವ, ಆಯಿಲ್ ಒತ್ತಡದಿಂದ ತಿರುಗುವ ಹೈಡ್ರಾಲಿಕ್ ಬ್ಲೇಡ್ ಹಾಕಿಸಿದ ಹೊಸದರಲ್ಲಿ ಒಂದು ದೂರು ಬರುವುದುಂಟು. ‘ಲಿವರ್ ಎಳೆದರೆ ಬ್ಲೇಡು ಬಲಕ್ಕೆ ಸರ್ರನೆ ತಿರುಗುತ್ತೆ ಸಾರ್, ಎಡಕ್ಕೆ ಮಾತ್ರ ಏನೋ ಸಂಕಟ.’ ಹೊಳಲ್ಕೆರೆ ಕಡೆಯ ಅಡಕೆ ಬೆಳೆಗಾರರೊಬ್ಬರು ಇದನ್ನೇ ಹೇಳಿದರು. ರಾಹುಕಾಲದಲ್ಲಿ ಫಿಟ್ಟಿಂಗ್ ಮಾಡಿಸಿದ್ದಕ್ಕೇ ಹೀಗಾಯ್ತು ಅಂತ ಅವರ ಮನೆಯ ಹಿರಿಯರು. ಪಂಪು ವೀಕು ಅಂತ ಮೆಕ್ಯಾನಿಕ್ಕು. ಬ್ಲೇಡಿನ ಮೂಲೆಯಲ್ಲಿ ಆಗಲೇ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡುತ್ತಿದ್ದವು.

ನಿಂಬೆಹಣ್ಣಿನ ಮೇಲೆ ನನಗೇನೂ ಸಿಟ್ಟಿಲ್ಲ. ಆಯುಧಪೂಜೆಗೆ ನಮ್ಮ ಮನೆಯ ಗಾಡಿಗೂ ಕಟ್ಟುತ್ತಾರೆ. ಆದರೆ ಅದನ್ನು ಕಟ್ಟಿ, ಲೆಕ್ಕ ಹಾಕುವುದನ್ನೇ ಬಿಟ್ಟುಬಿಡುತ್ತಾರಲ್ಲ, ಅದಕ್ಕೆ ಸಿಟ್ಟು. ಆ ಟ್ರ್ಯಾಕ್ಟರಿನಲ್ಲಿ ಏನೂ ಕೆಟ್ಟಿರಲಿಲ್ಲ. ಪಂಪೂ ಸರಿ ಇತ್ತು, ಮುಹೂರ್ತವೂ ಸರಿ ಇತ್ತು ಅಂದುಕೊಳ್ಳಿ. ಒಂದೇ ಸಿಲಿಂಡರಿನಿಂದ ತಿರುಗುವ ಬ್ಲೇಡು ಒಂದು ಕಡೆಗೆ ನಿಧಾನ, ಇನ್ನೊಂದು ಕಡೆಗೆ ಚುರುಕು ಇರಲೇಬೇಕು.

ಈ ಬ್ಲೇಡಿನ ತವರು ನಮ್ಮ ಕಡೆಯದಲ್ಲ. ಚಳಿ ದೇಶಗಳಲ್ಲಿ ಮನೆ ಮುಂದಿನ ದಾರಿಯ ಮೇಲೆ ಬಿದ್ದ ಹಿಮ ತಳ್ಳಲು ಸಣ್ಣ ಟ್ರ್ಯಾಕ್ಟರಿಗೆ ಇದನ್ನು ಹಾಕುತ್ತಾರೆ. ನೇರವಾಗಿ ತಳ್ಳಿದರೆ ಹಿಮವೆಲ್ಲ ಮುಂದೆಯೇ ಗುಡ್ಡೆಯಾಗುತ್ತದೆ. ಬ್ಲೇಡನ್ನು ಓರೆ ಮಾಡಿದರೆ ಅದು ಜಾರಿಕೊಂಡು ಪಕ್ಕಕ್ಕೆ ಬೀಳುತ್ತದೆ. ಸೀಟಿನಲ್ಲಿ ಕೂತೇ ಓರೆ ಮಾಡಲು ಸಾಧ್ಯವಾಗಲಿ ಅಂತ ಹೈಡ್ರಾಲಿಕ್ ಸಿಲಿಂಡರ್. ನಮ್ಮಲ್ಲಿ ಹಿಮದ ಬದಲು ಕೆರೆ ಗೋಡು. ಬೇಸಿಗೆಯಲ್ಲಿ ಕೆರೆಯಿಂದ ಹೊಡೆಸಿದ ಗೋಡನ್ನು ಅಡಕೆ ಸಾಲುಗಳ ನಡುವೆ ಹರಡಬೇಕು, ಬದು ಏರಿಸಬೇಕು, ಗಾಡಿ ದಾರಿ ಸಮ ಮಾಡಬೇಕು. ಓರೆ ಬ್ಲೇಡು ಒಂದು ಸಲ ಹೋಗಿ ಬಂದರೆ ಪಕ್ಕದಲ್ಲಿ ಬದುವಿನ ಗೆರೆ ತಾನೇ ಎದ್ದಿರುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಹೊಸದಾಗಿ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ ನೂರು ಕಿಲೋ ತೂಗಿದರೆ ಹೆಚ್ಚು. ನಮ್ಮ ಮಣ್ಣು 1200ರಿಂದ 1600 ಕಿಲೋ. ಹಿಮಕ್ಕೆಂದು ಮಾಡಿದ ತೆಳು ತಗಡಿನ ಬ್ಲೇಡಿನ ಚಿತ್ರ ಮೊಬೈಲಿನಲ್ಲಿ ತೋರಿಸಿ, ‘ಇಂಥದ್ದೇ ಮಾಡಿಕೊಡಿ’ ಅಂದರೆ ಎರೆ ಮಣ್ಣಿನಲ್ಲಿ ಮೊದಲನೇ ದಿನವೇ ಅದು ಸೊಟ್ಟಗಾಗುತ್ತದೆ. ಆಕಾರ ನೋಡಿ ಕಲಿಯಿರಿ, ದಪ್ಪ ನಕಲು ಮಾಡಬೇಡಿ.

ಈಗ ನನಗೆ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಸಿಲಿಂಡರಿನ ಒಳಗೆ.

ಬ್ಲೇಡು ನಡುವಿನ ಒಂದು ದಪ್ಪ ಪಿನ್ನಿನ ಮೇಲೆ ತಿರುಗುತ್ತದೆ. ಪಿನ್ನಿನ ಬಲಗಡೆ, ಫ್ರೇಮಿಗೂ ಬ್ಲೇಡಿನ ಬೆನ್ನಿಗೂ ನಡುವೆ ಸಿಲಿಂಡರ್ ಇದೆ ಅಂದುಕೊಳ್ಳಿ. ಅದರೊಳಗೆ ಆಯಿಲ್ ತಳ್ಳಿದತ್ತ ಸರಿಯುವ ಬಿರಡೆಯೇ ಪಿಸ್ಟನ್, ಅದಕ್ಕೆ ಸೇರಿ ಹೊರಗೆ ಚಾಚಿದ ಕಂಬಿಯೇ ರಾಡ್. ರಾಡ್ ಹೊರಗೆ ಬಂದರೆ ಬಲ ತುದಿ ಮುಂದಕ್ಕೆ ಹೋಗುತ್ತದೆ, ಮಣ್ಣು ಎಡಕ್ಕೆ ಬೀಳುತ್ತದೆ. ರಾಡ್ ಒಳಗೆ ಹೋದರೆ ಇದಕ್ಕೆ ತದ್ವಿರುದ್ಧ. ಲೆಕ್ಕ ಸುಲಭವಾಗಲಿ ಅಂತ ಸಿಲಿಂಡರಿನ ಒಳ ಅಗಲ 50 ಮಿಲಿಮೀಟರ್, ರಾಡಿನ ದಪ್ಪ 25 ಮಿಲಿಮೀಟರ್ ಇಟ್ಟುಕೊಳ್ಳೋಣ. ಪಿಸ್ಟನ್ನಿನ ಹಿಂಬದಿಯ ವಿಸ್ತೀರ್ಣ 19.6 ಚದರ ಸೆಂಟಿಮೀಟರ್. ಅಷ್ಟೂ ಜಾಗದ ಮೇಲೆ ಆಯಿಲ್ ಒತ್ತುತ್ತದೆ. ಮುಂಬದಿಗೆ ಬನ್ನಿ. ಅಲ್ಲಿ ನಡುವೆ ರಾಡ್ ನಿಂತಿದೆ. ಅದು 4.9 ಚದರ ಸೆಂಟಿಮೀಟರ್ ತಿಂದುಬಿಟ್ಟಿದೆ. ಆಯಿಲಿಗೆ ಒತ್ತಲು ಸಿಗುವುದು ಸುತ್ತಲಿನ ಬಳೆಯಾಕಾರದ 14.7 ಮಾತ್ರ. ನಾಲ್ಕು ಜನ ಕೂರುವ ಬೆಂಚಿನಲ್ಲಿ ಒಬ್ಬರು ಅಕ್ಕಿ ಚೀಲ ಇಟ್ಟು ಮೂರೇ ಜನಕ್ಕೆ ಜಾಗ ಬಿಟ್ಟ ಹಾಗೆ.

ಒತ್ತಡ ಚದರ ಸೆಂಟಿಮೀಟರಿಗೆ 150 ಕಿಲೋ ಇದ್ದರೆ ರಾಡ್ ಹೊರಗೆ ತಳ್ಳುವ ಬಲ ಸುಮಾರು 2900 ಕಿಲೋ. ಒಳಗೆ ಎಳೆಯುವ ಬಲ ಸುಮಾರು 2200 ಕಿಲೋ. ಪಂಪೂ ಅದೇ, ಆಯಿಲೂ ಅದೇ, ಒತ್ತಡವೂ ಅದೇ. ಇನ್ನು ವೇಗ. ನಿಮಿಷಕ್ಕೆ 20 ಲೀಟರ್ ಕೊಡುವ ಪಂಪು ಸೆಕೆಂಡಿಗೆ 333 ಘನ ಸೆಂಟಿಮೀಟರ್ ಆಯಿಲ್ ತಳ್ಳುತ್ತದೆ. ಹಿಂಬದಿ ದೊಡ್ಡದು, ತುಂಬಲು ಹೊತ್ತು ಹಿಡಿಯುತ್ತದೆ: ರಾಡ್ ಸರಿಯುವುದು ಸೆಕೆಂಡಿಗೆ 17 ಸೆಂಟಿಮೀಟರ್. ಮುಂಬದಿ ಚಿಕ್ಕದು, ಬೇಗ ತುಂಬುತ್ತದೆ: 22 ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ. ಅಂದರೆ ಎಡಕ್ಕೆ ನಿಧಾನ ಆದರೆ ಜೋರು, ಬಲಕ್ಕೆ ಚುರುಕು ಆದರೆ ಮೆದು. ‘ಸಂಕಟ’ ಅಂತ ಬೆಳೆಗಾರರು ಬೈಯುತ್ತಿದ್ದ ಕಡೆಯೇ ಅವರ ಬ್ಲೇಡಿನ ಗಟ್ಟಿ ಕಡೆ!

ಎರಡೂ ಕಡೆ ಒಂದೇ ಸಮ ಬೇಕು ಅಂದರೆ ಎರಡು ಸಿಲಿಂಡರ್ ಹಾಕಬೇಕು, ಪಿನ್ನಿನ ಆಚೆಗೊಂದು ಈಚೆಗೊಂದು. ಒಂದರ ಹಿಂಬದಿಗೆ ಹೋಗುವ ಪೈಪನ್ನು ಇನ್ನೊಂದರ ಮುಂಬದಿಗೆ ಸೇರಿಸಬೇಕು. ಆಗ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಯಾವ ಕಡೆಗೆ ತಿರುಗಿದರೂ ಒಟ್ಟು ವಿಸ್ತೀರ್ಣ 19.6 ಮತ್ತು 14.7 ಸೇರಿಯೇ. ಖರ್ಚು ಜಾಸ್ತಿ, ತಕರಾರು ಕಡಿಮೆ.

150 ಕಿಲೋ ಒತ್ತಡ ಅಂದರೆ ಎಷ್ಟು ಅಂತ ಸುಮ್ನೆ ಓದಿದರೆ ತಿಳಿಯುವುದಿಲ್ಲ. ಹಿರಿಯೂರಿನ ಹತ್ತಿರದ ನಮ್ಮ ವಾಣಿ ವಿಲಾಸ ಸಾಗರ ನೆನಪಿಸಿಕೊಳ್ಳಿ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಜಿಲ್ಲೆಯೇ ನೋಡಲು ಹೋಗಿತ್ತು. ಅಲ್ಲಿ 130 ಅಡಿ ನೀರು ನಿಂತಾಗ ಅಷ್ಟು ಆಳದಲ್ಲಿ ಒತ್ತಡ ಎಷ್ಟು ಗೊತ್ತಾ? ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋ. ನಿಮ್ಮ ಮಿನಿ ಟ್ರ್ಯಾಕ್ಟರಿನ ಹೆಬ್ಬೆರಳು ದಪ್ಪದ ಹೋಸ್ ಪೈಪು ತಡೆದುಕೊಳ್ಳುತ್ತಿರುವುದು ಅದರ 37 ಪಟ್ಟು.

ಈ ಲೆಕ್ಕದ ಮೂಲಪುರುಷ ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹೋಗುತ್ತದೆ ಅಂತ ಬರೆದಿಟ್ಟ. ಅವನು ತೀರಿಕೊಂಡಿದ್ದು 1662ರಲ್ಲಿ, ಪುಸ್ತಕ ಅಚ್ಚಾಗಿದ್ದು 1663ರಲ್ಲಿ. ಅದನ್ನು ಯಂತ್ರವಾಗಿಸಲು ಇನ್ನೂ 130 ವರ್ಷಕ್ಕಿಂತ ಹೆಚ್ಚು ಬೇಕಾಯಿತು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಯಾಕಿಷ್ಟು ತಡ? ಸೋರಿಕೆ. ಪಿಸ್ಟನ್ನಿನ ಸುತ್ತ ಬಿಗಿಯಾಗಿ ತುರುಕಿದರೆ ಅದು ಅಲ್ಲಾಡುವುದಿಲ್ಲ, ಸಡಿಲ ಬಿಟ್ಟರೆ ನೀರೆಲ್ಲ ಸೋರುತ್ತದೆ. ಬ್ರಾಮಾನ ವರ್ಕ್‌ಶಾಪಿನಲ್ಲಿದ್ದ ಹೆನ್ರಿ ಮಾಡ್ಸ್ಲೆ ಎಂಬ ಯುವಕ ಇದಕ್ಕೆ ಉಪಾಯ ಹುಡುಕಿದ ಅನ್ನುತ್ತಾರೆ. ಬಟ್ಟಲಿನ ಹಾಗೆ ಅಂಚು ಎದ್ದ ಚರ್ಮದ ಬಳೆ. ನೀರಿನ ಒತ್ತಡ ಏರಿದಷ್ಟೂ ಅಂಚು ತಾನಾಗಿಯೇ ಗೋಡೆಗೆ ಒತ್ತಿಕೊಳ್ಳುತ್ತದೆ, ಇಳಿದರೆ ಸಡಿಲವಾಗುತ್ತದೆ. ಸೋರಿಸಬೇಕಾದ ಒತ್ತಡವನ್ನೇ ಸೋರಿಕೆ ತಡೆಯಲು ದುಡಿಸಿಕೊಂಡಿದ್ದು! ದಾವಣಗೆರೆಯ ಅಂಗಡಿಯಲ್ಲಿ ಸೀಲ್ ಕಿಟ್ ತಂದು ಬಿಚ್ಚಿ ನೋಡಿ. ಚರ್ಮದ ಬದಲು ರಬ್ಬರು ಅಥವಾ ಪಾಲಿಯುರಿಥೇನ್, ಆದರೆ ಅಂಚು ಎದ್ದ ಅದೇ ಆಕಾರ. ಸೀಲಿನ ಬಾಯಿ ಒತ್ತಡ ಬರುವ ಕಡೆಗೇ ಇರಬೇಕು. ತಿರುಗಾಮುರುಗಾ ಕೂರಿಸಿದರೆ ಎಷ್ಟು ದುಬಾರಿ ಸೀಲಾದರೂ ಸೋರುತ್ತದೆ.

ಫಿಟ್ಟಿಂಗ್ ವಿಷಯಕ್ಕೆ ಬರೋಣ. ಬ್ಲೇಡಿನ ಫ್ರೇಮನ್ನು ಮುಂದಿನ ಆಕ್ಸಲಿಗೆ ಬೆಸುಗೆ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ಮಣ್ಣು ತಳ್ಳುವ ಬಲ ಹುಟ್ಟುವುದು ಹಿಂದಿನ ಟಯರಿನಲ್ಲಿ. ಆದ್ದರಿಂದ ಫ್ರೇಮಿನ ಕಾಲುಗಳು ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಹಾದು ಹಿಂದಿನ ಆಕ್ಸಲ್ ಹೌಸಿಂಗಿನ ತನಕ ಹೋಗಿ ಬೋಲ್ಟಾದರೆ ಒಳ್ಳೆಯದು. ಮುಂದೆ ತೂಕ ಬಿದ್ದಿದ್ದಕ್ಕೆ ಹಿಂದೆಯೂ ತೂಕ ಕಟ್ಟಬೇಕು, ಇಲ್ಲದಿದ್ದರೆ ಹಿಂದಿನ ಟಯರು ಹಿಡಿತ ಬಿಡುತ್ತದೆ. ದೊಡ್ಡ ಸಿಲಿಂಡರ್ ಹಾಕಿದರೆ ಜಾಸ್ತಿ ಮಣ್ಣು ತಳ್ಳುತ್ತೆ ಅನ್ನುವ ನಂಬಿಕೆ ಇದೆಯಲ್ಲ, ಅದೂ ಸುಳ್ಳು. ಸಿಲಿಂಡರ್ ಬ್ಲೇಡನ್ನು ತಿರುಗಿಸುತ್ತದೆ ಅಷ್ಟೆ. ತಳ್ಳುವುದು ಟಯರು, ಅದೂ ನೆಲ ಎಷ್ಟು ಹಿಡಿತ ಕೊಡುತ್ತದೋ ಅಷ್ಟೇ.

ಬ್ಲೇಡಿನ ಅಗಲವನ್ನು ನೇರ ಇಟ್ಟು ಅಳೆಯಬೇಡಿ. ಐದು ಅಡಿ ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದರೆ ಅದು ಬಳಿಯುವ ಅಗಲ 4.3 ಅಡಿಗೆ ಇಳಿಯುತ್ತದೆ. ಆಗಲೂ ಎರಡೂ ಟಯರಿನ ಹೊರ ಅಂಚನ್ನು ದಾಟಿರಬೇಕು. ಇಲ್ಲದಿದ್ದರೆ ಹರಡದ ಮಣ್ಣಿನ ಮೇಲೆ ಚಕ್ರ ಹತ್ತುತ್ತದೆ.

ಪೈಪು ಜೋಡಿಸುವ ಜಾಗದಲ್ಲಿ ಒಂದು ಅಪಾಯ ಇದೆ. ನೇಗಿಲಂಥ ಉಪಕರಣ ಎತ್ತುವ ಹಿಂದಿನ ಲಿಫ್ಟಿಗೆ ಆಯಿಲ್ ಹೋಗುವ ದಾರಿಯಲ್ಲೇ ಬ್ಲೇಡಿನ ಲಿವರ್ ಇರುವ ಹೊಸ ವಾಲ್ವ್ ಸೇರಿಸುತ್ತಾರೆ. ಸಾಮಾನ್ಯ ವಾಲ್ವಿನಲ್ಲಿ ಆಯಿಲ್ ವಾಪಸ್ ಹೋಗುವ ದಾರಿ ಟ್ಯಾಂಕಿಗೆಂದೇ ಮಾಡಿದ್ದು, ಒತ್ತಡ ತಡೆಯುವುದಿಲ್ಲ. ಆ ದಾರಿಯನ್ನೇ ಲಿಫ್ಟಿಗೆ ಕೊಟ್ಟರೆ, ಲಿಫ್ಟ್ ಭಾರ ಎತ್ತಿದ ಹೊತ್ತಿಗೆ ಪೂರ್ತಿ ಒತ್ತಡ ಹಿಂದಕ್ಕೆ ಬಂದು ವಾಲ್ವಿನ ಮೈಯನ್ನೇ ಸೀಳಬಹುದು. ಮುಂದಿನ ಕೆಲಸಕ್ಕೆ ಒತ್ತಡ ದಾಟಿಸುವ ಬೇರೆ ದಾರಿಯಿರುವ ವಾಲ್ವನ್ನು ‘ಪವರ್ ಬಿಯಾಂಡ್’ ಅಂತ ಹೆಸರು ಹೇಳಿ ಕೇಳಿ ತನ್ನಿ. ಜಾಯಿಂಟಿಗೆ ನಲ್ಲಿಗೆ ಸುತ್ತುವ ಬಿಳಿ ಟೇಪು ಬೇಡ. ಅದರ ಚೂರು ವಾಲ್ವಿನೊಳಗೆ ಸಿಕ್ಕಿಕೊಂಡರೆ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಚಿತ್ರದುರ್ಗದ ಕಡೆಯವರಿಗೆ ಇನ್ನೊಂದು ಮಾತು. ಕೋಟೆ ಕಟ್ಟಲು ಬಂಡೆಗೆ ಬರವಿರಲಿಲ್ಲ, ಹೊಲದಲ್ಲೂ ಕಲ್ಲಿಗೆ ಬರವಿಲ್ಲ. ಓರೆ ಬ್ಲೇಡಿನ ತುದಿ ನೆಲದಲ್ಲಿ ಹೂತ ಕಲ್ಲಿಗೆ ಬಡಿದರೆ ಏನಾಗುತ್ತದೆ ನೋಡಿ. ಪಿನ್ನಿನಿಂದ ತುದಿ 75 ಸೆಂಟಿಮೀಟರ್ ದೂರ, ಸಿಲಿಂಡರ್ 25 ಸೆಂಟಿಮೀಟರ್ ದೂರ ಇದ್ದರೆ ಪೆಟ್ಟು ಮೂರು ಪಟ್ಟಾಗಿ ಸಿಲಿಂಡರಿಗೆ ಬರುತ್ತದೆ. ಲಿವರ್ ನಡುವೆ ಇರುವಾಗ ಎರಡೂ ಪೈಪಿನ ಬಾಯಿ ಮುಚ್ಚಿರುತ್ತದೆ, ಒಳಗಿನ ಆಯಿಲಿಗೆ ಓಡಲು ಜಾಗವಿಲ್ಲ. ರಾಡ್ ಬಗ್ಗುತ್ತದೆ ಅಥವಾ ಪೈಪು ಒಡೆಯುತ್ತದೆ. ಇದಕ್ಕೆ ಎರಡು ಪೈಪುಗಳ ನಡುವೆ ಒಂದು ಸಣ್ಣ ಕ್ರಾಸ್ ರಿಲೀಫ್ ವಾಲ್ವ್ ಹಾಕುತ್ತಾರೆ. ಪೆಟ್ಟು ಬಿದ್ದಾಗ ಆಯಿಲ್ ಆ ಬದಿಯಿಂದ ಈ ಬದಿಗೆ ಜಾರಿಕೊಳ್ಳುತ್ತದೆ, ಬ್ಲೇಡು ತುಸು ತಿರುಗಿ ಬಚಾವಾಗುತ್ತದೆ. ಚಳಿ ದೇಶದ ಬ್ಲೇಡುಗಳಲ್ಲಿ ಇದರ ಜೊತೆಗೆ ದಪ್ಪ ಸ್ಪ್ರಿಂಗುಗಳೂ ಇರುತ್ತವೆ. ಹಿಮದಡಿ ಅಡಗಿದ ಕಲ್ಲೋ ಮೋರಿ ಮುಚ್ಚಳವೋ ತಾಗಿದರೆ ಬ್ಲೇಡು ಮುಂದಕ್ಕೆ ಬಾಗಿ ಅದನ್ನು ದಾಟಿ ಮತ್ತೆ ನೆಟ್ಟಗಾಗುತ್ತದೆ. ಖಂಡಿತ ನಕಲು ಮಾಡಬೇಕಾದ ಭಾಗ ಇದು.

‘ಪವರ್ ಸಾಲಲ್ಲ’ ಅಂದ ಕೂಡಲೇ ರಿಲೀಫ್ ವಾಲ್ವಿನ ಸ್ಕ್ರೂ ಬಿಗಿ ಮಾಡುವ ಚಾಳಿಯಂತೂ ನನಗೆ ಮೈಯೆಲ್ಲ ಉರಿಸುತ್ತದೆ. ಒತ್ತಡ ಮಿತಿ ಮೀರಿದರೆ ಆಯಿಲನ್ನು ಟ್ಯಾಂಕಿಗೆ ಬಿಡುವ ಕಾವಲುಗಾರ ಅದು. ರಾಡ್ ಕೊನೆ ಮುಟ್ಟಿದ ಮೇಲೂ ಲಿವರ್ ಹಿಡಿದೇ ಇದ್ದರೆ ಕುಂಯ್ ಅಂತ ಕೂಗುತ್ತದಲ್ಲ, ಅದು ಈ ವಾಲ್ವೇ. 150 ಕಿಲೋ ಒತ್ತಡ, 20 ಲೀಟರ್ ಹರಿವು ಅಂದರೆ ಸುಮಾರು 5 ಕಿಲೋವ್ಯಾಟ್. ಆ ಹೊತ್ತಿನಲ್ಲಿ ಅಷ್ಟೂ ಶಕ್ತಿ ಆಯಿಲನ್ನು ಕಾಯಿಸಲು ಹೋಗುತ್ತದೆ.

ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಬೆರಳು ಸವರಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಆ ಒತ್ತಡದ ಆಯಿಲು ಚರ್ಮ ಕೊರೆದು ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಒಳಗೆ ಮಾಂಸ ಕೊಳೆಯತೊಡಗುತ್ತದೆ, ತಡವಾದರೆ ಬೆರಳೇ ಹೋಗಬಹುದು. ಅರಿಶಿನ ಮೆತ್ತಿ ಕೂರುವ ಗಾಯ ಅಲ್ಲ ಇದು. ಆಪರೇಷನ್ ಮಾಡುವ ಸರ್ಜನ್ ಇರುವ ಆಸ್ಪತ್ರೆಗೆ ಆಗಲೇ ಹೋಗಬೇಕು, ಒಳಗೆ ಹೋಗಿದ್ದು ಹೈಡ್ರಾಲಿಕ್ ಆಯಿಲ್ ಅಂತ ಬಾಯಿಬಿಟ್ಟು ಹೇಳಬೇಕು.

ಹೊಳಲ್ಕೆರೆಯವರು ಇದನ್ನೆಲ್ಲ ಕೇಳಿಸಿಕೊಂಡು, ‘ಹಂಗಾದ್ರೆ ಎರಡು ಪೈಪು ಅದಲು ಬದಲು ಮಾಡಿದ್ರೆ ಬಲಗಡೆಗೆ ಜೋರು ಬರುತ್ತಲ್ವಾ?’ ಅಂದರು. ಒಳ್ಳೆ ಪ್ರಶ್ನೆ, ಆದರೆ ಬರುವುದಿಲ್ಲ. ಪೈಪು ಬದಲಿಸಿದರೆ ಲಿವರಿನ ದಿಕ್ಕು ಬದಲಾಗುತ್ತದೆ. ರಾಡ್ ಹೊರಗೆ ಬರುವಾಗಲೇ ಜೋರು ಅನ್ನುವುದು ಬದಲಾಗುವುದಿಲ್ಲ. ಅವರ ತೋಟದಲ್ಲಿ ಬದು ಇರುವುದು ಬಲಗಡೆಯೇ. ಅದಕ್ಕೆ ಸಿಲಿಂಡರನ್ನೇ ಕಿತ್ತು ಪಿನ್ನಿನ ಎಡಕ್ಕೆ ಕೂರಿಸಬೇಕು. ಫ್ರೇಮಿನ ಎಡಗಡೆ ಅದಕ್ಕೆ ಕಿವಿ, ಅಂದರೆ ಸಿಲಿಂಡರ್ ಸಿಕ್ಕಿಸುವ ತೂತಿನ ಪಟ್ಟಿ, ಬೆಸುಗೆ ಹಾಕಿಸಬೇಕು, ಹೋಸ್ ಈಗಿನದಕ್ಕಿಂತ ಒಂದು ಅಡಿ ಹೆಚ್ಚು ಉದ್ದದ್ದು ಬೇಕು.